ಅಂಗೈಯಲ್ಲಿ ಹಿಡಿಯುವ ಕಾರಿಗೆ ಹೊಸ ಬಣ್ಣ, ನಮ್ಮೂರ ನಂಬರ್ ಪ್ಲೇಟ್

ಮೂರು ಇಂಚೂ ಇಲ್ಲದ ಲೋಹದ ಕಾರು. ಆಟಿಕೆ ಅಂಗಡಿಯಲ್ಲಿ ಸಾಲಾಗಿ ನೇತು ಹಾಕಿರುತ್ತಾರೆ, ಬೆಲೆ ಇನ್ನೂರು ರೂಪಾಯಿ ಆಸುಪಾಸು. ಅದನ್ನು ಬಿಚ್ಚಿ, ಇರುವ ಬಣ್ಣ ತೆಗೆದು, ನಮಗೆ ಬೇಕಾದ ಬಣ್ಣ ಹೊಡೆದು, ಹಿಂದೆ ಒಂದು ಕೆಎ-05 ಪ್ಲೇಟ್ ಅಂಟಿಸಿದರೆ ಬೆಂಗಳೂರಿನ ಜಯನಗರದ ಕಾರು ರೆಡಿ. ಮನೆಯ ಬಾಲ್ಕನಿಯಲ್ಲೇ ಮಾಡಬಹುದಾದ ಕೆಲಸ ಇದು.

ಶುರು ಮಾಡುವ ಮೊದಲು ತಲೆಯಲ್ಲಿ ಒಂದು ಸಂಖ್ಯೆ ಇಟ್ಟುಕೊಳ್ಳಿ: 64. ಈ ಪುಟ್ಟ ಕಾರುಗಳ ಅಳತೆ 1:64, ಅಂದರೆ ನಿಜವಾದ ಕಾರಿನ 64 ಮಿ.ಮೀ. ಇಲ್ಲಿ 1 ಮಿ.ಮೀ. ಮಾರುತಿ 800ರ ಉದ್ದ 3,335 ಮಿ.ಮೀ., ಈ ಲೆಕ್ಕದಲ್ಲಿ ಬರೀ 52. ಹಾಟ್ ವೀಲ್ಸ್ ಥರದವರು ಪ್ಯಾಕೆಟ್‌ಗೆ ಹೊಂದಲಿ ಅಂತ ಅಳತೆಯನ್ನು ಆ ಕಡೆ ಈ ಕಡೆ ಎಳೆಯುತ್ತಾರೆ, ಅದಿರಲಿ. ಉದ್ದ ಅಗಲದ ಲೆಕ್ಕ ಎಲ್ಲರಿಗೂ ಹೊಳೆಯುತ್ತದೆ, ಬಣ್ಣದ ದಪ್ಪಕ್ಕೂ ಅದೇ ಲೆಕ್ಕ ಅನ್ನುವುದು ಮಾತ್ರ ಹೊಳೆಯುವುದಿಲ್ಲ. ಹತ್ತನೇ ಒಂದು ಮಿ.ಮೀ. ದಪ್ಪ ಬಣ್ಣ ಕೂತರೆ, ದೊಡ್ಡ ಕಾರಿನ ಮೇಲೆ 6.4 ಮಿ.ಮೀ. ಬಣ್ಣ ಮೆತ್ತಿದಷ್ಟಾಯಿತು! ಬಾಗಿಲಿನ ಗೆರೆ, ಬಾನೆಟ್ಟಿನ ಗೆರೆ, ವೈಪರ್ ಎಲ್ಲ ಅದರಡಿ ಮುಚ್ಚಿಹೋಗುತ್ತವೆ. ಮುಂದೆ ಹೇಳುವುದರಲ್ಲಿ ಮುಕ್ಕಾಲು ಪಾಲು ಇದನ್ನು ತಪ್ಪಿಸುವುದಕ್ಕೇ.

ಯಾವ ಕಾರು, ಯಾವ ಸಾಮಾನು

ಮೊದಲ ಸಲಕ್ಕೆ ಮೇಲ್ಭಾಗ ಲೋಹದ್ದಿರುವ ಅಗ್ಗದ ಕಾರು ಸಾಕು. ಟಾಮಿಯಾದಂಥ ಕಂಪನಿಗಳ 1:24 ಪ್ಲಾಸ್ಟಿಕ್ ಕಿಟ್‌ಗಳು ಚೆನ್ನಾಗಿರುತ್ತವೆ, ಆದರೆ ದುಬಾರಿ. ಕೈ ಪಳಗಿದ ಮೇಲೆ ನೋಡೋಣ. ಸೆಂಟಿ ಕಂಪನಿಯ ಪ್ಲಾಸ್ಟಿಕ್ ಅಂಬಾಸಿಡರ್ ನೋಡಿದರೆ ಆಸೆ ಆಗುವುದು ಸಹಜ. ತಗೊಳ್ಳಿ, ಆದರೆ ಪ್ಲಾಸ್ಟಿಕ್ಕನ್ನು ಥಿನ್ನರ್, ಅಸಿಟೋನ್ ಹತ್ತಿರ ಸುಳಿಯಲು ಬಿಡಬೇಡಿ, ಕರಗಿಹೋಗುತ್ತದೆ.

ಸಾಮಾನಿಗೆ ಪೇಟೆ ಕಡೆ ಒಂದು ಸುತ್ತು ಹೋದರೆ ಸಾಕು. ಸಣ್ಣ ಡ್ರಿಲ್ ಬಿಟ್, ಸ್ಕ್ರೂ, ಟ್ಯಾಪ್ (ತೂತಿನೊಳಗೆ ಸ್ಕ್ರೂ ಕೂರುವ ಗೆರೆ ಕೊರೆಯುವ ಉಪಕರಣ) ಇವಕ್ಕೆ ಎಸ್‌ಪಿ ರೋಡ್. ಅಕ್ಕಸಾಲಿಗರು ಬಳಸುವ ಸಣ್ಣ ಅರಗಳು ಈ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿವೆ, ಅವನ್ನು ನಗರ್ತಪೇಟೆ ಕಡೆ ವಿಚಾರಿಸಿ. ಪ್ರೈಮರ್ (ಬಣ್ಣಕ್ಕೂ ಮೊದಲು ಹೊಡೆಯುವ ಪದರ), ಸ್ಪ್ರೇ ಡಬ್ಬಿ, ನೀರು ಹಾಕಿ ಉಜ್ಜುವ ವಾಟರ್ ಪೇಪರ್‌ಗೆ ಜೆಸಿ ರಸ್ತೆ. ದುಡ್ಡು ಕಡಿಮೆ ಇದ್ದರೆ ಬಣ್ಣದಲ್ಲಿ ಉಳಿಸಿ, ಪ್ರೈಮರ್‌ನಲ್ಲಿ ಬೇಡ.

ಬಿಚ್ಚುವುದು

ಕಾರನ್ನು ಬೋರಲು ಹಾಕಿದರೆ ತಳದಲ್ಲಿ ಎರಡು ದುಂಡನೆಯ ಉಬ್ಬು ಕಾಣುತ್ತವೆ. ಅವು ರಿವೆಟ್. ಮೇಲಿನ ಬಾಡಿಯಿಂದಲೇ ಇಳಿದು ಬಂದ ಕಂಬದ ತುದಿಯನ್ನು ಚಪ್ಪಟೆ ಮಾಡಿರುತ್ತಾರೆ, ಅಷ್ಟೇ. ಮೊದಲು ಸೆಂಟರ್ ಪಂಚ್ ಅನ್ನುವ ಚೂಪು ಮೊನೆಯ ಉಪಕರಣದಿಂದ ನಟ್ಟನಡುವೆ ಒಂದು ಗುಳಿ ಮಾಡಿ, ಇಲ್ಲದಿದ್ದರೆ ಬಿಟ್ ಜಾರಿ ಬೆರಳಿಗೆ ಬರುತ್ತದೆ. ಆಮೇಲೆ 3 ಮಿ.ಮೀ. ಬಿಟ್ ಹಾಕಿ ನಿಧಾನಕ್ಕೆ ಕೊರೆಯಿರಿ. ಆಳಕ್ಕೆ ಹೋಗುವುದು ಬೇಡ. ತಲೆಯಷ್ಟೇ ಸವೆದು ಸಣ್ಣ ಉಂಗುರದ ಹಾಗೆ ಬಿಟ್ಟಿಗೆ ಸಿಕ್ಕಿಕೊಂಡು ಮೇಲೆ ಬರುತ್ತದೆ, ಅಲ್ಲಿಗೆ ನಿಲ್ಲಿಸಿ. ಈಗ ತಳ ಅಲ್ಲಾಡುತ್ತದೆ, ಕೈಯಲ್ಲೇ ಬಿಚ್ಚಬಹುದು. ಕಣ್ಣು ಕಾಯುವ ಕನ್ನಡಕ ಹಾಕದೆ ಈ ಕೆಲಸಕ್ಕೆ ಕೂರಬೇಡಿ.

ಡ್ರಿಲ್ ಕೈಯಲ್ಲಿ ಇರುವಾಗಲೇ ಇನ್ನೊಂದು ಕೆಲಸ ಮುಗಿಸಿಬಿಡಿ. ಉಳಿದ ಕಂಬದ ನಡುವೆ 1.6 ಮಿ.ಮೀ. ತೂತು ಕೊರೆದು, ಎಂ2 ಟ್ಯಾಪ್ ತಿರುಗಿಸಿ ಥ್ರೆಡ್ ಮಾಡಿ. ಕೊನೆಗೆ ಕಾರನ್ನು ಅಂಟಿನ ಬದಲು ಸ್ಕ್ರೂ ಹಾಕಿ ಜೋಡಿಸಬಹುದು. ಬಣ್ಣ ಹೊಡೆದ ಮೇಲೆ ಡ್ರಿಲ್ ಹಿಡಿದರೆ ಗೀರು ಬೀಳುವುದು ಗ್ಯಾರಂಟಿ.

ಹಳೆ ಬಣ್ಣ ತೆಗೆಯುವುದು

ಬಾಡಿಯಲ್ಲಿರುವ ಪ್ಲಾಸ್ಟಿಕ್ ಗಾಜು, ಸೀಟು ಎಲ್ಲ ಹೊರಗೆ ತೆಗೆದು ಬರೀ ಲೋಹ ಉಳಿಸಿಕೊಳ್ಳಿ. ಹಾರ್ಡ್‌ವೇರ್ ಅಂಗಡಿಯ ಪೇಂಟ್ ರಿಮೂವರ್ ಸಾಕು. ಗಾಜಿನ ಬಾಟಲಿ ಅಥವಾ ಅಡುಗೆಗೆ ಮತ್ತೆ ಬಳಸದ ಸ್ಟೀಲ್ ಬಟ್ಟಲು ತಗೊಳ್ಳಿ, ಪ್ಲಾಸ್ಟಿಕ್ ಲೋಟ ಬೇಡ. ಗ್ಲೌಸ್ ಹಾಕಿ, ಮನೆಯ ಬಾಗಿಲು ಕಿಟಕಿ ತೆರೆದಿಟ್ಟು, ಬಾಡಿಯನ್ನು ಅದರಲ್ಲಿಟ್ಟು ರಿಮೂವರ್ ಹಚ್ಚಿ. ಸ್ವಲ್ಪ ಹೊತ್ತಿಗೇ ಬಣ್ಣ ಸುಕ್ಕುಗಟ್ಟಿ ಪದರ ಪದರವಾಗಿ ಏಳುತ್ತದೆ. ನೀರಲ್ಲಿ ತೊಳೆದು ಹಳೇ ಟೂತ್‌ಬ್ರಷ್‌ನಿಂದ ಉಜ್ಜಿ. ಸಿಂಕ್ ಪೈಪಿಗೆ ಹಾಕುವ ಕಾಸ್ಟಿಕ್ ಸೋಡಾ ಬಳಸುವ ಉಪಾಯ ಯಾರಾದರೂ ಹೇಳಿದರೆ ಕೇಳಬೇಡಿ. ಈ ಕಾರುಗಳ ಲೋಹ ಸತು ಮತ್ತು ಅಲ್ಯೂಮಿನಿಯಂ ಮಿಶ್ರಣ, ಕಾಸ್ಟಿಕ್ ಎರಡನ್ನೂ ತಿನ್ನುತ್ತದೆ.

ಬೆಳ್ಳಿ ಬಣ್ಣದ ಬರಿ ಲೋಹ ಕೈಗೆ ಬಂದಾಗ ಬೆಳಕಿಗೆ ಹಿಡಿದು ನೋಡಿ. ಛಾವಣಿಯ ಅಂಚಿನಲ್ಲಿ, ಬಂಪರ್ ಮೂಲೆಯಲ್ಲಿ ಸಣ್ಣ ಏಣು ಕಾಣುತ್ತದೆ, ಅಚ್ಚಿನ ಎರಡು ಭಾಗ ಸೇರಿದ ಜಾಗ ಅದು. ನಿಜವಾದ ಯಾವ ಕಾರಿನ ಮೇಲೂ ಇಂಥ ಗೆರೆ ಇರುವುದಿಲ್ಲ ಅಲ್ವಾ. ಸಣ್ಣ ಅರದಲ್ಲಿ ಉಜ್ಜಿ, ಆಮೇಲೆ 400, 800 ನಂಬರಿನ ವಾಟರ್ ಪೇಪರ್‌ನಲ್ಲಿ (ನಂಬರ್ ದೊಡ್ಡದಾದಷ್ಟೂ ನಯ) ನೀರು ಹಾಕಿ ನಯ ಮಾಡಿ. ಪಾತ್ರೆ ಸೋಪಿನಲ್ಲಿ ತೊಳೆದು ಒಣಗಿಸಿದ ಮೇಲೆ ಬರಿಗೈಯಲ್ಲಿ ಮುಟ್ಟುವಂತಿಲ್ಲ. ಬೆರಳಿನ ಜಿಡ್ಡು ಕೂತ ಕಡೆ ಬಣ್ಣ ಹಿಡಿಯುವುದಿಲ್ಲ.

ಬಣ್ಣ

ಎಲ್ಲಕ್ಕಿಂತ ಜಾಸ್ತಿ ಸಮಯ ಬೇಡುವ ಹಂತ ಇದು. ಛಾವಣಿಯ ಒಳಮೈಗೆ ಡಬಲ್ ಟೇಪ್ ಹಚ್ಚಿ, ಕಾರನ್ನು ಖಾಲಿ ಬಾಟಲಿಯ ಮುಚ್ಚಳದ ಮೇಲೆ ಕೂರಿಸಿ. ಈಗ ಬಾಟಲಿ ಹಿಡಿದು ಎಲ್ಲ ಕಡೆ ತಿರುಗಿಸಬಹುದು. ಸ್ಪ್ರೇ ಡಬ್ಬಿಯನ್ನು ಉಗುರು ಬೆಚ್ಚಗಿನ ನೀರಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿದರೆ ಬಣ್ಣ ಸಣ್ಣ ಹನಿಯಾಗಿ ಬರುತ್ತದೆ. ಒಲೆ ಹತ್ತಿರ ಮಾತ್ರ ಒಯ್ಯಬೇಡಿ, ಸಿಡಿಯುತ್ತದೆ.

20ರಿಂದ 25 ಸೆಂ.ಮೀ. ದೂರ ಹಿಡಿಯಿರಿ. ಕಾರಿನ ಆಚೆಯೇ ಗುಂಡಿ ಒತ್ತಿ, ಕಾರನ್ನು ದಾಟಿಸಿ, ಈಚೆ ಬಂದು ಬಿಡಿ. ಮೊದಲ ಕೋಟ್ ಕಾವಲಿಗೆ ಎಣ್ಣೆ ಸವರಿದಷ್ಟೇ ಇರಲಿ, ಕೆಳಗಿನ ಲೋಹ ಕಂಡರೂ ಪರವಾಗಿಲ್ಲ. ಒಂದೇ ಸಲಕ್ಕೆ ಮುಚ್ಚಿಬಿಡೋಣ ಅನ್ನಿಸುತ್ತದೆ, ಕೈ ಕಟ್ಟಿಕೊಳ್ಳಿ. ಬರಿ ಸತುವಿನ ಮೇಲೆ ಮಾಮೂಲಿ ಬಣ್ಣ ನೇರವಾಗಿ ಹಿಡಿಯುವುದಿಲ್ಲ, ಹಾಗಾಗಿ ಜೆಸಿ ರಸ್ತೆಯಲ್ಲಿ ಲೋಹವನ್ನು ಕಚ್ಚಿ ಹಿಡಿಯುವ ಎಚ್ (etch) ಪ್ರೈಮರ್ ಅಂತಲೇ ಕೇಳಿ ತನ್ನಿ, ಮೊದಲು ಹೊಡೆಯುವುದು ಅದನ್ನೇ. ಪ್ರೈಮರ್ ಒಣಗಿದ ಮೇಲೆ 1000 ಅಥವಾ 1500ರ ಪೇಪರ್ ಒದ್ದೆ ಮಾಡಿ ಹಗುರವಾಗಿ ಉಜ್ಜಿ. ಅಂಚುಗಳಲ್ಲಿ ಜೋಪಾನ, ಎರಡು ಉಜ್ಜಿಗೇ ಲೋಹ ಇಣುಕುತ್ತದೆ.

ಹೊಡೆದ ತಕ್ಷಣ ಕಾರಿನ ಮೇಲೆ ಒಂದು ಡಬ್ಬ ಬೋರಲು ಹಾಕಿ. ನಮ್ಮ ರಸ್ತೆಗಳ ಧೂಳಿಗೆ ಬಾಲ್ಕನಿ ದೂರವೇನಲ್ಲ. ದೊಡ್ಡ ಕಾರಿನ ಬಣ್ಣದಲ್ಲಿ ಕಾಣಿಸದ ಕಣ ಇಲ್ಲಿ ಅರವತ್ತನಾಲ್ಕು ಪಟ್ಟು ದಪ್ಪದ ಕಲ್ಲು. ಅಪಾರ್ಟ್‌ಮೆಂಟ್‌ನಲ್ಲಿ ಇದ್ದರೆ ಕೆಳಗಿನ ಮನೆಯವರು ಬಟ್ಟೆ ಒಣಗಿಸಿದ್ದಾರಾ ಅಂತ ಒಮ್ಮೆ ಬಗ್ಗಿ ನೋಡುವುದು ಒಳ್ಳೆಯದು, ಸುಮ್ನೆ ಜಗಳ ಯಾಕೆ.

ಇನ್ನು ಮಳೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಬೆಂಗಳೂರಿನ ಸಂಜೆಗಳನ್ನು ನಂಬುವಂತಿಲ್ಲ. ಬೇಗ ಒಣಗುವ ಲ್ಯಾಕರ್ ಬಣ್ಣದ ಥಿನ್ನರ್ ಆರುವಾಗ ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅಲ್ಲೇ ಕೂತು ಬಿಳಿ ಮಬ್ಬು ಹಿಡಿಯುತ್ತದೆ. ಕಪ್ಪು ಕಾರಿಗೆ ಬೂದಿ ಬಳಿದಂತೆ ಕಾಣುತ್ತದೆ. ಮೋಡ ಕವಿದಿದ್ದರೆ ಆ ದಿನ ಉಜ್ಜುವ ಕೆಲಸ ಮಾಡಿ. ಫೆಬ್ರವರಿ, ಮಾರ್ಚ್‌ನ ಒಣ ಬಿಸಿಲಿನ ದಿನಗಳು ಇದಕ್ಕೆ ಚಿನ್ನ.

ಒಣಗಿದೆಯಾ ಅಂತ ಬೆರಳಲ್ಲಿ ಒತ್ತಿ ನೋಡಬೇಡಿ, ಮೂಸಿ ನೋಡಿ. ವಾಸನೆ ಇದ್ದರೆ ಒಳಗೆ ಇನ್ನೂ ಹಸಿ. ಎನಾಮೆಲ್ ಬಣ್ಣವಾದರೆ ದಿನಗಟ್ಟಲೆ ಕಾಯಬೇಕು. ಲ್ಯಾಕರ್ ಮೇಲೆ ಎನಾಮೆಲ್ ಹೊಡೆಯಬಹುದು, ಎನಾಮೆಲ್ ಮೇಲೆ ಲ್ಯಾಕರ್ ಬೇಡ, ಅದರ ಥಿನ್ನರ್ ಜೋರು, ಕೆಳಗಿನ ಪದರ ಸುಕ್ಕಾಗುತ್ತದೆ. ಮೆಟಾಲಿಕ್ ಬಣ್ಣ ಆರಿಸುವಾಗ ಹೊಳೆಯುವ ಕಣ ಎಷ್ಟು ಸಣ್ಣದು ನೋಡಿ. ದೊಡ್ಡ ಕಾರಿಗೆ ಚೆಂದ ಕಾಣುವ ಕಣ ಇಲ್ಲಿ ಜರಿ ಚೆಲ್ಲಿದ ಥರ ಇರುತ್ತದೆ. ಅದರ ಬದಲು ಬಿಳಿ, ಕ್ರೀಮ್, ಕಡುನೀಲಿಯಂಥ ಸಾದಾ ಬಣ್ಣ ಚೆನ್ನ.

ಗೆರೆ, ಗಾಜು, ನಂಬರ್ ಪ್ಲೇಟ್

ಬಾಗಿಲಿನ ಗೆರೆಗೆ ತೆಳುವಾದ ಅಕ್ರಿಲಿಕ್ ಬಣ್ಣ ಹರಿಸಿ, ಹೊರಗೆ ಉಳಿದದ್ದನ್ನು ಒದ್ದೆ ಹತ್ತಿಯಿಂದ ಒರೆಸಿ. ಬಿಳಿ ಕಾರಿಗೆ ಕಪ್ಪು ಬೇಡ, ಬೂದು ಸಾಕು. ನಿಜವಾದ ಕಾರಿನ ಬಾಗಿಲ ಸಂದು ನಾಲ್ಕೈದು ಮಿ.ಮೀ. ಇರುತ್ತದೆ, ಪುಟ್ಟ ಕಾರಿನಲ್ಲಿ ಅದನ್ನು ಅಷ್ಟು ಸಣ್ಣದಾಗಿ ಅಚ್ಚು ಹಾಕಲು ಆಗುವುದಿಲ್ಲ. ಕಪ್ಪು ತುಂಬಿದರೆ ಬಾಗಿಲು ಸರಿಯಾಗಿ ಮುಚ್ಚಿಲ್ಲವೇನೋ ಅನ್ನಿಸುತ್ತದೆ. ಕಿಟಕಿ ಸುತ್ತಲ ಪಟ್ಟಿಗೆ ಬೆಳ್ಳಿ ಬಣ್ಣದ ಜೆಲ್ ಪೆನ್ ನಡೆಯುತ್ತದೆ.

ಗಾಜಿನ ಗೀರನ್ನು 2000ರ ಪೇಪರ್, ಆಮೇಲೆ ಟೂತ್‌ಪೇಸ್ಟ್‌ನಿಂದ ಉಜ್ಜಿ ತೆಗೆಯಿರಿ. ಅಂಟಿಸಲು ಫೆವಿಕ್ವಿಕ್ ಬೇಡವೇ ಬೇಡ, ಅದರ ಆವಿಗೆ ಗಾಜು ಮಂಜು ಹಿಡಿಯುತ್ತದೆ. ಬಿಳಿ ಫೆವಿಕಾಲ್ ಒಂದು ಚುಕ್ಕಿ ಸಾಕು, ಒಣಗಿದರೆ ಕಾಣುವುದಿಲ್ಲ.

ನಂಬರ್ ಪ್ಲೇಟ್ ನನಗೆ ಎಲ್ಲಕ್ಕಿಂತ ಖುಷಿ ಕೊಡುವ ಕೆಲಸ. ಕಾರಿನ ಉದ್ದ ಪ್ಲೇಟ್ 500 ಮಿ.ಮೀ. ಉದ್ದ, 120 ಅಗಲ. 64ರಿಂದ ಭಾಗಿಸಿದರೆ 7.8 ಮತ್ತು 1.9 ಮಿ.ಮೀ. ಅಕ್ಷರದ ಎತ್ತರ 65, ಇಲ್ಲಿ ಸರಿಸುಮಾರು 1 ಮಿ.ಮೀ. ಲೇಸರ್ ಪ್ರಿಂಟರ್‌ನಲ್ಲಿ 600 ಡಿಪಿಐ (ಇಂಚಿಗೆ 600 ಚುಕ್ಕಿ) ಇಟ್ಟರೆ ಆ ಒಂದು ಮಿ.ಮೀ.ಗೆ ಇಪ್ಪತ್ತಮೂರು ಚುಕ್ಕಿ ಸಿಗುತ್ತವೆ, ಓದಲು ಧಾರಾಳ. ಒಂದೇ ಹಾಳೆಯಲ್ಲಿ ಹತ್ತಾರು ಪ್ಲೇಟ್ ಹಿಡಿಸುತ್ತವೆ, ಜೆರಾಕ್ಸ್ ಅಂಗಡಿಯಲ್ಲಿ ದಪ್ಪ ನಯ ಹಾಳೆ ಕೊಟ್ಟು ಪ್ರಿಂಟ್ ಮಾಡಿಸಿ. ಸ್ವಂತ ಕಾರಿಗೆ ಬಿಳಿ ಮೇಲೆ ಕಪ್ಪು, ಟ್ಯಾಕ್ಸಿಗೆ ಹಳದಿ ಮೇಲೆ ಕಪ್ಪು. ಹೊಸ ಬ್ಲೇಡಿನಲ್ಲಿ ಕತ್ತರಿಸಿ, ಬಿಳಿ ಅಂಚು ಕಾಣದಂತೆ ಬದಿಗೆ ಸ್ಕೆಚ್ ಪೆನ್ ಸವರಿ.

ಬಣ್ಣದ ಮೇಲಿನ ಪಾರದರ್ಶಕ ಕ್ಲಿಯರ್ ಕೋಟ್ ಕೂಡ ತೆಳ್ಳಗೇ ಇರಲಿ, ಗಾಜು ಕೂರಿಸುವ ಮೊದಲೇ ಹೊಡೆದುಬಿಡಿ. ಅಂಗಡಿಯವರು ಎರಡು ಭಾಗ ಬೆರೆಸಿ ಗಟ್ಟಿಯಾಗುವ 2ಕೆ ಕ್ಲಿಯರ್ ಕೊಡುತ್ತೇನೆ ಅಂದರೆ ಮನೆಗೆ ತರಬೇಡಿ. ಹೊಳಪು ಜೋರೇ, ಆದರೆ ಅದರಲ್ಲಿರುವ ಐಸೊಸೈನೇಟ್ ಶ್ವಾಸಕೋಶಕ್ಕೆ ಕೆಟ್ಟದ್ದು, ಬಟ್ಟೆ ಮಾಸ್ಕ್ ಅದನ್ನು ತಡೆಯುವುದಿಲ್ಲ.

ಚಕ್ರ ಬದಲಿಸಬೇಕಿದ್ದರೆ ರಬ್ಬರ್ ಟೈರಿನ ಸೆಟ್ ಬಿಡಿಯಾಗಿ ಸಿಗುತ್ತದೆ. ಹಳೆ ಆಕ್ಸಲ್‌ನ (ಎರಡು ಚಕ್ರ ಜೋಡಿಸುವ ಕಂಬಿ) ಉದ್ದ ನೋಡಿಕೊಂಡು ತಗೊಳ್ಳಿ. ಎಲ್ಲ ಜೋಡಿಸಿ ತಳಕ್ಕೆ ಸ್ಕ್ರೂ ಹಾಕುವಾಗ ಎರಡು ಬೆರಳಲ್ಲಿ ಸ್ಕ್ರೂಡ್ರೈವರ್ ಹಿಡಿದು ತಿರುಗಿಸಿ, ತಡೆ ಸಿಕ್ಕಿದ ಕೂಡಲೇ ಬಿಡಿ. ಲೋಹ ಮೆತ್ತಗಿದೆ, ಇನ್ನೊಂದು ಸುತ್ತು ಬಿಗಿದರೆ ಥ್ರೆಡ್ ಹೋಗುತ್ತದೆ.