ಕಳೆನಾಶಕ ಮಾರುವವನ ಹೂವಿನ ತಿರುಗಾಟ

ಗಂಗಾವತಿಯಲ್ಲಿ ನನ್ನದೊಂದು ಬೀಜ-ಗೊಬ್ಬರದ ಅಂಗಡಿ. ವಾರದಲ್ಲಿ ಆರು ದಿನ ಭತ್ತದ ಗದ್ದೆಗೆ ಕಳೆನಾಶಕ ಮಾರುತ್ತೇನೆ. ಏಳನೇ ದಿನ ಹತ್ತು-ಹನ್ನೆರಡು ಜನರನ್ನು ಕಟ್ಟಿಕೊಂಡು ಗುಡ್ಡ ಹತ್ತಿ, ಯಾರೂ ಬಿತ್ತದ ಗಿಡಗಳ ಹೂ ತೋರಿಸುತ್ತೇನೆ. ಮನೆಯಲ್ಲಿ ಇದಕ್ಕೆ ‘ಪಾಪ ತೊಳೆಯೋ ಕೆಲಸ’ ಅಂತ ಹೆಸರಿಟ್ಟಿದ್ದಾರೆ. ಇರಬಹುದು. ಕೆಲವು ವರ್ಷದ ಹಿಂದಿನವರೆಗೂ ನನಗೆ ಗೊತ್ತಿದ್ದದ್ದು ಗಿಡದಲ್ಲಿ ಎರಡೇ ಜಾತಿ. ಒಂದು ಬೆಳೆ, ಇನ್ನೊಂದು ಕಳೆ.

ಮೊದಲ ತಿರುಗಾಟ ಪೂರ್ತಿ ಕೆಟ್ಟಿತು, ಅದನ್ನೇ ಮೊದಲು ಹೇಳಿಬಿಡುತ್ತೇನೆ. 2022ರ ಫೆಬ್ರುವರಿಯಲ್ಲಿ ಬೈಕಿನಲ್ಲಿ ಆನೆಗೊಂದಿ ಕಡೆ ಹೋಗುವಾಗ ರಸ್ತೆ ಪಕ್ಕದ ಮುತ್ತಲ ಮರವೊಂದು ಬೆಂಕಿ ಹತ್ತಿಕೊಂಡ ಹಾಗೆ ನಿಂತಿತ್ತು. ಫೋಟೊ ಹೊಡೆದು ಸ್ಟೇಟಸ್‌ಗೆ ಹಾಕಿದೆ. ‘ಎಲ್ಲಿ ಇದು, ನಮ್ಮನ್ನೂ ಕರ್ಕೊಂಡು ಹೋಗ್ರಿ’ ಅಂತ ಹದಿನೈದು ಜನ ಕೇಳಿದರು. ನನಗೆ ಖುಷಿ. ಆದರೆ ಅಂಗಡಿ ಲೆಕ್ಕ, ಮಾರ್ಚ್ ಕೊನೆ, ಅದೂ ಇದೂ ಅಂತ ಮುಂದೆ ಹಾಕುತ್ತಾ ಹೋಗಿ, ಕೊನೆಗೆ ಏಪ್ರಿಲ್ ಮೂರನೇ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಎಲ್ಲರನ್ನೂ ಕರೆದೆ. ನಮ್ಮ ಕಡೆ ಏಪ್ರಿಲ್‌ನಲ್ಲಿ ಒಂಬತ್ತು ಗಂಟೆ ಅಂದರೆ ಗೊತ್ತಲ್ವಾ, ಬಂಡೆ ಮೇಲೆ ಕೈ ಇಟ್ಟರೆ ಕಾದ ಹೆಂಚು. ಮರದ ಹತ್ತಿರ ಹೋದರೆ ಹೂವೇ ಇಲ್ಲ, ಬರೀ ಚಪ್ಪಟೆ ಕಾಯಿ. ಅಲ್ಲೇ ಕುರಿ ಮೇಯಿಸುತ್ತಿದ್ದ ಅಜ್ಜ ಒಬ್ಬರು ನಮ್ಮ ಟೋಪಿ, ಕ್ಯಾಮೆರಾ ಎಲ್ಲ ನೋಡಿ, ‘ಈಗ್ಯಾಕ ಬಂದ್ರಿ ಸರ? ಹೂ ಹೋಗಿ ತಿಂಗಳಾತು’ ಅಂದರು. ಹದಿನೈದು ಜನರ ಮುಂದೆ.

ಆ ಅಜ್ಜನೇ ಆಮೇಲೆ ನನ್ನ ಗುರು. ಅದು ಮುಂದೆ ಬರುತ್ತದೆ.

ನಾನು ಮಾಡಿದ್ದ ಇನ್ನೊಂದು ತಪ್ಪು, ವಸಂತ ಅಂದರೆ ನೆಲದ ತುಂಬ ಹೂ ಹಾಸಿರುತ್ತೆ ಅಂದುಕೊಂಡದ್ದು. ಫೋನಿನಲ್ಲಿ ಬರುವ ಫೋಟೊಗಳೆಲ್ಲ ಹಾಗೇ ಇರುತ್ತವೆ, ಬೇರೆ ದೇಶದ ಬಯಲು, ಮೊಣಕಾಲೆತ್ತರದ ಹೂ. ನಮ್ಮಲ್ಲಿ ಅಂಥ ಸಣ್ಣ ಗಿಡಗಳಿಗೆ ಮಳೆ ಬೇಕು. ತುಂಬೆ, ವಿಷ್ಣುಕ್ರಾಂತಿ, ಹುಲ್ಲಿನ ನಡುವಿನ ಚಿಕ್ಕ ಚಿಕ್ಕ ಹೂಗಳೆಲ್ಲ ಮಳೆಗಾಲದಿಂದ ಚಳಿಯವರೆಗೆ ಚೆನ್ನಾಗಿರುತ್ತವೆ. ಫೆಬ್ರುವರಿ ಹೊತ್ತಿಗೆ ನೆಲ ಒಣಗಿ ಕೆಂಪಾಗಿರುತ್ತದೆ. ಆಗ ಹೂ ಬಿಡುವುದು ಮರಗಳು, ಅದೂ ಎಲೆ ಪೂರ್ತಿ ಉದುರಿಸಿ. ಯಾಕೆ ಹೀಗೆ ಅಂತ ಪ್ರತಿ ಸಲ ಯಾರಾದರೂ ಕೇಳುತ್ತಾರೆ. ಎಲೆ ಇದ್ದರೆ ನೀರು ಆವಿಯಾಗಿ ಹೋಗುತ್ತದೆ, ಇಲ್ಲದಿದ್ದರೆ ಉಳಿಯುತ್ತದೆ, ಮೇಲಾಗಿ ಬೋಳು ಕೊಂಬೆಯ ಮೇಲಿನ ಹೂ ಹಕ್ಕಿಗೂ ಜೇನಿಗೂ ದೂರದಿಂದ ಕಾಣುತ್ತದೆ, ಈಗ ಹೂ ಬಿಟ್ಟರೆ ಮೇ-ಜೂನ್ ಹೊತ್ತಿಗೆ ಬೀಜ ಬಲಿತು ಮುಂಗಾರಿನ ಮೊದಲ ಮಳೆಗೆ ಸರಿಯಾಗಿ ನೆಲಕ್ಕೆ ಬೀಳುತ್ತದೆ. ಬಿತ್ತನೆ ಲೆಕ್ಕ ಇದು. ರೈತರಿಗೆ ಹೇಳಿದರೆ ಒಂದೇ ಮಾತಿಗೆ ತಿಳಿಯುತ್ತದೆ.

ಹಾಗಾಗಿ ಈಗ ನಾನು ಮೊದಲು ಹೇಳುವುದು, ಕೆಳಗೆ ನೋಡಬೇಡಿ, ಮೇಲೆ ನೋಡಿ ಅಂತ. (ಕಾಲಿಟ್ಟ ಕಡೆ ಮಾತ್ರ ಕೆಳಗೆ ನೋಡಿ, ಹಾವಿರುತ್ತವೆ.)

ದಿನ ಗೊತ್ತು ಮಾಡುವುದರಲ್ಲೂ ಪೆಟ್ಟು ತಿಂದೆ. 2023ರಲ್ಲಿ ಹೋಳಿ ಹಿಂದಿನ ಭಾನುವಾರ ಹೋದೆವು, ಮುತ್ತಲ ಭರ್ತಿ ಹೂ. ಇದೇ ಸೂತ್ರ ಸಿಕ್ಕಿತು ಅಂತ ಮುಂದಿನ ವರ್ಷವೂ ಹೋಳಿ ಹಿಂದಿನ ಭಾನುವಾರ ಇಟ್ಟೆ. ಅರ್ಧಕ್ಕರ್ಧ ಮರ ಖಾಲಿ. ಮನೆಗೆ ಬಂದು ಕ್ಯಾಲೆಂಡರ್ ನೋಡಿದರೆ, 2023ರಲ್ಲಿ ಹೋಳಿ ಬಂದದ್ದು ಮಾರ್ಚ್ ಮೊದಲ ವಾರದ ಆಸುಪಾಸು, 2024ರಲ್ಲಿ ಮಾರ್ಚ್ 25ಕ್ಕೆ. ಹುಣ್ಣಿಮೆ ಹಿಂದೆ ಮುಂದೆ ಆಗುತ್ತದೆ, ಮರ ಆಗುವುದಿಲ್ಲ, ಅದು ಬಿಸಿಲು ನೋಡಿಕೊಂಡು ಹೂ ಬಿಡುತ್ತದೆ. ಇಷ್ಟು ಸರಳ ವಿಷಯ ಹೊಳೆಯಲು ಎರಡು ವರ್ಷ ಬೇಕಾಯ್ತು. ಈಗ ತಿರುಗಾಟದ ಹಿಂದಿನ ಭಾನುವಾರ ನಾನೊಬ್ಬನೇ ಹೋಗಿ ಮರ ನೋಡಿ ಬರುತ್ತೇನೆ. ಮೊಗ್ಗು ಎಷ್ಟಿದೆ, ಹೂ ಎಷ್ಟಿದೆ, ಕೆಳಗೆ ಎಷ್ಟು ಬಿದ್ದಿದೆ. ಮೊಗ್ಗು ಜಾಸ್ತಿ ಇದ್ದರೆ ಮಾತ್ರ ಮೆಸೇಜ್ ಹಾಕುತ್ತೇನೆ. ಹೀಗೆ ಒಂದೇ ಮರವನ್ನು ವಾರವಾರ ನೋಡಿ ಬರೆದಿಡುವವರಿಗಾಗಿಯೇ ದೇಶದಲ್ಲಿ ‘ಸೀಸನ್‌ವಾಚ್’ ಅಂತ ಒಂದು ಯೋಜನೆ ಇದೆ, ಯಾರು ಬೇಕಾದರೂ ಸೇರಬಹುದು. ನಾನು ಅಂಗಡಿಯ ಹಳೇ ಸ್ಟಾಕ್ ಪುಸ್ತಕದಲ್ಲಿ ಬರೆಯುತ್ತೇನೆ, ಯೂರಿಯಾ ಲೆಕ್ಕದ ಪಕ್ಕದಲ್ಲೇ.

ಒಂದು ಬೆಳಿಗ್ಗೆಗೆ ಆರೇಳು ಗಿಡ ಸಾಕು. ಶುರುವಿನಲ್ಲಿ ಮೂವತ್ತು ಹೆಸರು ಪಟಪಟ ಹೇಳಿಬಿಡುತ್ತಿದ್ದೆ, ವಾಪಸು ಬರುವಷ್ಟರಲ್ಲಿ ಯಾರಿಗೂ ಒಂದೂ ನೆನಪಿರುತ್ತಿರಲಿಲ್ಲ. ಈಗ ಮುತ್ತಲ ಮರದ ಕೆಳಗೇ ಮುಕ್ಕಾಲು ಗಂಟೆ ಕೂರಿಸುತ್ತೇನೆ. ಬಿದ್ದ ಹೂ ಒಂದೊಂದು ಎಲ್ಲರ ಕೈಗೆ. ಮೊದಲು ತೊಟ್ಟಿನ ಬಟ್ಟಲು ಮುಟ್ಟಿ ನೋಡಿ ಅನ್ನುತ್ತೇನೆ, ಕಪ್ಪಗೆ ಮಖಮಲ್ಲಿನ ಹಾಗಿರುತ್ತದೆ. ಕಿತ್ತಳೆ ಎಸಳಿನ ಹೊರಮೈಯನ್ನು ಬಿಸಿಲಿಗೆ ಹಿಡಿದರೆ ಬೆಳ್ಳಿಯಂಥ ಸಣ್ಣ ರೋಮ ಕಾಣುತ್ತದೆ. ಐದು ಎಸಳು ಬಿಡಿಸಿ: ಹಿಂದಕ್ಕೆ ಬಾಗಿದ ಅಗಲವಾದದ್ದು ಒಂದು, ಪಕ್ಕದಲ್ಲಿ ಎರಡು, ಮುಂದೆ ಕೊಕ್ಕಿನಂತೆ ಬಾಗಿ ಸೇರಿಕೊಂಡದ್ದು ಎರಡು. ಆ ಕೊಕ್ಕು ನೋಡಿಯೇ ಹಳಬರು ಇದಕ್ಕೆ ‘ಕಿಂಶುಕ’ ಅಂದದ್ದು, ಇದೇನು ಗಿಣಿಯೇ ಅಂತ. ವಾಸನೆ ಹೆಚ್ಚುಕಡಿಮೆ ಇಲ್ಲ. ಹಕ್ಕಿಗೆ ವಾಸನೆ ಕಟ್ಟಿಕೊಂಡು ಏನಾಗಬೇಕು, ಅದಕ್ಕೆ ಬಣ್ಣ ಮತ್ತು ರಸ ಸಾಕು. ಅಷ್ಟರಲ್ಲಿ ಮೇಲೆ ಜಗಳ ಶುರುವಾಗಿರುತ್ತದೆ. ಗೊರವಂಕಗಳು, ಗಿಣಿಗಳು, ನೀಲಿ ಮಿಂಚುವ ಸೂರಕ್ಕಿ, ನಡುವೆ ಅಳಿಲು. ಮಕ್ಕಳು ಇದನ್ನು ಬಿಟ್ಟು ಏಳುವುದೇ ಇಲ್ಲ.

ಉದುರಿದ ಹೂಗಳನ್ನು ಒಂದು ಚೀಲ ತುಂಬಿ ತರುತ್ತೇವೆ. ಸ್ಟೀಲ್ ಪಾತ್ರೆಯಲ್ಲಿ ನೀರು ಹಾಕಿ ಕುದಿಸಿದರೆ ಹಳದಿ ಬಣ್ಣ ಬಿಡುತ್ತದೆ, ಎಲೆಗೆ ಹಚ್ಚುವ ಸುಣ್ಣ ಚಿಟಿಕೆಯಷ್ಟು ಹಾಕಿದರೆ ಕಣ್ಣೆದುರಿಗೇ ಕಿತ್ತಳೆಗೆ ತಿರುಗುತ್ತದೆ. ಸುಣ್ಣ ಜಾಸ್ತಿ ಬೇಡ, ಮೈ ಉರಿಯುತ್ತದೆ. ನಮ್ಮ ಓಣಿಯ ಹುಡುಗರು ಹೋಳಿಗೆ ಪಾಕೆಟ್ ಬಣ್ಣವನ್ನೂ ಆಡುತ್ತಾರೆ, ಇದನ್ನೂ ಆಡುತ್ತಾರೆ. ಪಾಕೆಟ್ ಬಣ್ಣ ಬಿಡಿಸಲು ಆಗಲಿಲ್ಲ, ಸುಳ್ಳು ಯಾಕೆ ಹೇಳಲಿ.

ಮುತ್ತಲದ ಎಲೆಯನ್ನು ಎಲ್ಲರೂ ಬಲ್ಲರು. ನಮ್ಮೂರ ಅವ್ವಂದಿರು ಮುತ್ತಲ ಎಲೆ ಹಚ್ಚಿ ಪತ್ರಾವಳಿ ಮಾಡುತ್ತಿದ್ದವರು. ತಿರುಗಾಟಕ್ಕೆ ಬಂದಿದ್ದ ಒಬ್ಬ ಅಜ್ಜಿ, ‘ಇಷ್ಟು ವರ್ಷ ಎಲಿ ಹರಿದೀನಿ, ಹೂವಿನೊಳಗ ಇಷ್ಟೆಲ್ಲ ಐತಿ ಅಂತ ನೋಡೇ ಇರಲಿಲ್ಲ’ ಅಂದರು. ಆಮೇಲೆ ಮೂರು ಎಲೆಯ ಗೊಂಚಲು ಹಿಡಿದು, ಕಡ್ಡಿ ಚುಚ್ಚಿ ಹಚ್ಚುವುದನ್ನು ಅವರೇ ಎಲ್ಲರಿಗೂ ಕಲಿಸಿದರು. ಆ ದಿನ ನಾನು ಸುಮ್ನೆ ಕೂತಿದ್ದೆ.

ಇನ್ನು ಅರಿಶಿನ ಬೂರುಗ. ಗುಡ್ಡದ ಬಂಡೆ ಸಂದಿಯಲ್ಲಿ ಮಣ್ಣೇ ಇಲ್ಲದ ಕಡೆ ಬೆಳೆಯುವ ಮರ ಇದು. ಒಂದು ಎಲೆಯೂ ಇಲ್ಲದೆ, ಅಂಗೈಯಗಲದ ಹಳದಿ ಹೂ ಹೊತ್ತು ನಿಂತಿರುತ್ತದೆ. ಮೊದಲ ಸಲ ನೋಡಿದಾಗ ‘ಇದು ಬೂರುಗ’ ಅಂತ ಜೋರಾಗಿ ಹೇಳಿದ್ದೆ. ಕುರಿ ಅಜ್ಜ ಹಿಂದಿನಿಂದ, ‘ಬೂರುಗಕ್ಕ ಮೈತುಂಬ ಮುಳ್ಳಿರ್ತಾವ ಸರ, ಇದಕ್ಕೆಲ್ಲೈತಿ?’ ಅಂದರು. ಸರಿಯಾದ ಮಾತು. ಬೂರುಗದ ಕಾಂಡದ ಮೇಲೆ ಗುಬುಟು ಮುಳ್ಳು, ಹೂ ಕೆಂಪು. ಇದರದ್ದು ಮುಳ್ಳಿಲ್ಲದ ಕಾಂಡ, ಹೂ ಹಳದಿ. ಎರಡರ ಕಾಯೊಳಗೂ ರೇಷ್ಮೆಯಂಥ ಹತ್ತಿ ಇರುವುದರಿಂದ ಹೆಸರು ಹಂಚಿಕೊಂಡಿವೆ, ಆದರೆ ಬೇರೆ ಬೇರೆ ಕುಟುಂಬದವು. ಈ ಹಳದಿ ಹೂವಿನ ಹತ್ತಿರ ಕಿವಿ ಇಟ್ಟು ನಿಲ್ಲಬೇಕು. ಇದರ ಕೇಸರದಲ್ಲಿ ಪರಾಗ ಉದುರಲು ತುದಿಯಲ್ಲಿ ಸಣ್ಣ ತೂತು ಮಾತ್ರ ಇರುತ್ತದೆ. ಕರೀ ಮರದುಂಬಿ ಬಂದು ಕೇಸರ ಅಪ್ಪಿ ಹಿಡಿದು ಮೈ ಗಡಗಡ ನಡುಗಿಸುತ್ತದೆ, ಆಗ ಉಪ್ಪಿನ ಡಬ್ಬಿ ಅಲ್ಲಾಡಿಸಿದ ಹಾಗೆ ಪರಾಗ ಉದುರುತ್ತದೆ. ಹಾರುವಾಗಿನ ಸದ್ದು ಬೇರೆ, ನಡುಗಿಸುವಾಗಿನ ಸದ್ದು ಬೇರೆ. ಒಮ್ಮೆ ಕೇಳಿದವರು ಮರೆಯುವುದಿಲ್ಲ.

ನಮ್ಮದು ಯಾವುದು, ಹೊರಗಿನದು ಯಾವುದು ಅನ್ನುವುದು ಇನ್ನೊಂದು ತಲೆಬಿಸಿ. ಬಂದವರು ಮೊದಲು ಫೋಟೊ ಹೊಡೆಯುವುದೇ ಗುಲ್‌ಮೊಹರ್, ಕಾಗದದ ಹೂ, ದತ್ತೂರಿ ಮುಳ್ಳಿನ ಹಳದಿ ಹೂ. ಗುಲ್‌ಮೊಹರ್ ಮಡಗಾಸ್ಕರ್‌ನದು, ಉಳಿದೆರಡು ಅಮೆರಿಕ ಖಂಡದವು. ಬಳ್ಳಾರಿ ಜಾಲಿಯ ಸರದಿ ಬಂದಾಗ ಮಾತ್ರ ದೊಡ್ಡ ನಗು. ಊರಿನ ಹೆಸರೇ ಇಟ್ಟುಕೊಂಡಿದೆ, ಆದರೆ ಅದೂ ಅಮೆರಿಕದ್ದೇ. ಗುರುತು ಸುಲಭ: ನಮ್ಮ ಕರಿಜಾಲಿಯದ್ದು ಹಳದಿ ಗುಂಡು ಹೂ, ಬಳ್ಳಾರಿ ಜಾಲಿಯದ್ದು ಉದ್ದನೆಯ ಕುಚ್ಚು. ಬಳ್ಳಾರಿಯಿಂದ ಬಂದಿದ್ದ ಒಬ್ಬರಿಗೆ ಇದು ಸ್ವಲ್ಪ ಬೇಜಾರೇ ಆಯ್ತು, ‘ಬೈಸಿಕೊಳ್ಳೋದು ಮಾತ್ರ ನಾವು’ ಅಂದರು. ಹೊರಗಿನದು ಅಂತ ನಾನು ಯಾವ ಗಿಡಕ್ಕೂ ಬೈಯುವುದಿಲ್ಲ, ಮೆಣಸಿನಕಾಯಿಯೂ ಹೊರಗಿನದೇ ಅಲ್ವಾ. ಆದರೆ ಜಾಲಿ ಹಬ್ಬಿದ ಕಡೆ ಬೇರೇನೂ ಉಳಿಯುವುದಿಲ್ಲ ಅನ್ನುವುದನ್ನು ನಿಂತು ತೋರಿಸುತ್ತೇನೆ. ಹೆಸರು ತಿಳಿಯಲು ಐನ್ಯಾಚುರಲಿಸ್ಟ್ ಆ್ಯಪ್ ಚೆನ್ನಾಗಿದೆ, ಹೂ ಮಾತ್ರ ಅಲ್ಲದೆ ಎಲೆ, ತೊಗಟೆ, ಕಾಯಿ ಎಲ್ಲದರ ಫೋಟೊ ಹಾಕಿದರೆ ಉತ್ತರ ಸರಿ ಬರುತ್ತದೆ. ಎಲೆಯೇ ಇಲ್ಲದ ಮರದ ಮುಂದೆ ಅದೂ ತಡವರಿಸುತ್ತದೆ. ಆಗ ಕುರಿ ಅಜ್ಜ.

ಯುಗಾದಿ ಹೊತ್ತಿಗೆ ಬೇವು, ಹೊಂಗೆ. ಬೋಳು ಕೊಂಬೆಗೆ ಬಿಳಿ ಹೂ ಮೆತ್ತಿದಂತಿರುವ ಅಂಕೋಲೆಗೆ ಒಳ್ಳೆ ಪರಿಮಳ, ಗಾಳಿ ಬೀಸಿದ ಕಡೆಯಿಂದ ಹುಡುಕುತ್ತಾ ಹೋಗಬಹುದು. ಯುಗಾದಿ ಆದ ಮೇಲೆ ಕವಳಿ, ಹಾಲೆ, ಕಕ್ಕೆ. ಹಾಲೆ ಮರದಲ್ಲಿ ಹೋದ ವರ್ಷದ ಕಾಯಿ ಇನ್ನೂ ನೇತಾಡುತ್ತಿದ್ದರೆ ನೋಡಿ, ಎರಡೆರಡು ಕಾಯಿ ತುದಿಯಲ್ಲಿ ಅಂಟಿಕೊಂಡು ಚಿಮಟದ ಹಾಗಿರುತ್ತವೆ. ಚನ್ನಪಟ್ಟಣದ ಗೊಂಬೆ ಮಾಡುವುದು ಈ ಮರದಿಂದಲೇ. ಅಷ್ಟೊತ್ತಿಗೆ ಬಿಸಿಲು ನಲವತ್ತರ ಹತ್ತಿರ ಬಂದಿರುತ್ತದೆ, ಅಲ್ಲಿಗೆ ನಮ್ಮ ಸೀಸನ್ ಮುಗಿಯಿತು.

ಜಾಗದ ವಿಷಯ. ಹಿರೇಬೆಣಕಲ್ ಗುಡ್ಡಕ್ಕೆ ವರ್ಷಕ್ಕೊಮ್ಮೆಯಾದರೂ ಹೋಗುತ್ತೇವೆ. ಕಲ್ಲುಚಪ್ಪಡಿಯ ಸಾವಿರಾರು ವರ್ಷದ ಹಳೆಯ ಸಮಾಧಿಗಳು, ಬಡಿದರೆ ನಗಾರಿಯಂತೆ ಮೊಳಗುವ ಬಂಡೆ, ಅದರ ಸುತ್ತ ಕುರುಚಲು ಕಾಡು. ಕರಡಿ ಇರುವ ಸೀಮೆ ಇದು, ಆನೆಗೊಂದಿ ಕಡೆ ಚಿರತೆಯೂ ಇದೆ. ಹಾಗಾಗಿ ಬೇಗ ಹೊರಡಬೇಕು ಅಂತ ಕತ್ತಲಲ್ಲಿ ಗುಡ್ಡ ಹತ್ತುವುದಿಲ್ಲ, ಸೂರ್ಯ ಹುಟ್ಟಿದ ಮೇಲೆ ಹತ್ತಿ ಒಂಬತ್ತಕ್ಕೆ ಇಳಿಯುತ್ತೇವೆ. ಗುಂಪಾಗಿ, ಮಾತಾಡುತ್ತಾ. ಮೀಸಲು ಅರಣ್ಯವಾದರೆ ಅರಣ್ಯ ಇಲಾಖೆಯವರಿಗೆ ಮೊದಲೇ ತಿಳಿಸಿ ಒಪ್ಪಿಗೆ ತೆಗೆದುಕೊಳ್ಳುತ್ತೇವೆ. ಒಬ್ಬೊಬ್ಬರಿಗೆ ಎರಡು ಲೀಟರ್ ನೀರು. ಸೆಂಟ್ ಹಾಕಿಕೊಂಡು ಬರಬೇಡಿ ಅಂತ ಮೆಸೇಜ್‌ನಲ್ಲೇ ಬರೆದಿರುತ್ತೇನೆ. ಬಂಡೆಯ ಮಗ್ಗುಲಿನಲ್ಲಿ ಹೆಜ್ಜೇನು ಕಟ್ಟಿರುತ್ತದೆ, ಒಮ್ಮೆ ಒಬ್ಬ ಹುಡುಗ ಘಮಘಮ ಅಂತ ಬಂದು, ಮೂರು ಹುಳ ಕಚ್ಚಿಸಿಕೊಂಡು ಕಿವಿ ಬನ್ನಿನಷ್ಟು ಊದಿಸಿಕೊಂಡು ಹೋದ. ಮೂರಕ್ಕೇ ಬಿಟ್ಟದ್ದು ನಮ್ಮ ಪುಣ್ಯ.

ಜನ ಹನ್ನೆರಡು ದಾಟಬಾರದು ಅನ್ನುವ ನಿಯಮವೂ ಅನುಭವದಿಂದಲೇ ಬಂತು. ಒಂದು ಸಂಘದವರು ನಾವೂ ಬರುತ್ತೇವೆ ಅಂದರು, ಬಸ್ಸಿನಲ್ಲಿ ನಲವತ್ತು ಜನ ಇಳಿದರು. ಬ್ಯಾನರ್ ಕಟ್ಟಲು ಅರ್ಧ ಗಂಟೆ, ಅದನ್ನು ಕಟ್ಟಿದ್ದೂ ಹೂ ತುಂಬಿದ ಅಂಕೋಲೆ ಕೊಂಬೆಗೆ. ಕೊಂಬೆ ಮುರಿಯಿತು. ಸೆಲ್ಫಿಗೆ ಇನ್ನೊಂದು ಕೊಂಬೆ. ನಾನು ಏನೂ ಹೇಳಲಿಲ್ಲ, ಹೇಳಬೇಕಿತ್ತು. ಈಗ ಇಳಿಯುವ ಮುಂಚೆಯೇ ಹೇಳಿಬಿಡುತ್ತೇನೆ, ಬಿದ್ದ ಹೂ ನಿಮ್ಮದು, ಮರದ ಮೇಲಿನದು ಮರದ್ದು. ದುಡ್ಡು ತಗೊಳ್ಳುವುದಿಲ್ಲ, ಕೆಳಗಿಳಿದ ಮೇಲೆ ವಗ್ಗರಣಿ-ಮಿರ್ಚಿ ಖರ್ಚು ಎಲ್ಲರೂ ಹಂಚಿಕೊಳ್ಳುತ್ತೇವೆ. ಕೆಲವರು ಬರುವುದೇ ಅದಕ್ಕೆ ಅಂತ ನನಗೆ ಅನುಮಾನ.

ಈ ವರ್ಷ ನಾನು ಮರ ನೋಡಲು ಹೋಗಲೇ ಇಲ್ಲ. ಬೇಸಿಗೆ ಭತ್ತದ ನಾಟಿ ಜೋರಿತ್ತು, ಅಂಗಡಿ ಬಿಟ್ಟು ಏಳಲು ಆಗುತ್ತಿರಲಿಲ್ಲ. ಒಂದು ಶುಕ್ರವಾರ, ಯಾರಿಗೋ ಬಿಲ್ ಬರೆಯುತ್ತಿರುವಾಗ ಫೋನ್ ಬಂತು. ಆ ಕಡೆ ಕುರಿಗಳ ಗಲಾಟೆ. ‘ಸರ, ಮುತ್ತಲ ಹತ್ತೈತಿ. ನಾಡಿದ್ದ ಬರ್ರಿ. ಮುಂದಿನ ವಾರ ಬಂದ್ರ ಮತ್ತ ಕಾಯಿ ನೋಡಿ ಹೋಗ್ತೀರಿ’ ಅಂದರು ಅಜ್ಜ. ಬಿಲ್ಲಿನ ಹಿಂದೆಯೇ ಹನ್ನೆರಡು ಹೆಸರು ಬರೆದುಕೊಂಡೆ.