ಹಳೆಯ ಬೈಕಿನ ಮುಂದಿನ ಬ್ರೇಕಿಗೆ ಹೊಸ ಬಿಗಿ

ಬೆಳಗಾವಿಯಿಂದ ಜಾಂಬೋಟಿ ದಾಟಿ ಚೋರ್ಲಾ ಘಾಟಿ ಇಳಿಯುತ್ತಿದ್ದಾಗ ನನ್ನ ಹದಿನೈದು ವರ್ಷದ ಬೈಕಿನ ಮುಂದಿನ ಬ್ರೇಕ್ ಲಿವರ್ ಹಿಡಿಕೆಗೇ ಬಂದು ತಾಗಿತು. ಗೇರ್ ಇಳಿಸಿ, ಹಿಂದಿನ ಬ್ರೇಕ್ ನಂಬಿ, ಹೇಗೋ ರಸ್ತೆಯಂಚಿಗೆ ನಿಂತೆ. ಊರಿಗೆ ಮರಳಿದವನೇ ದೊಡ್ಡ ಡಿಸ್ಕ್ ಹಾಕಿಸಲು ಹೊರಟೆ. ಅದರ ಅಗತ್ಯವೇ ಇರಲಿಲ್ಲ. 240 ಮಿ.ಮೀ. ಡಿಸ್ಕ್ ಸರಿಯಾಗಿಯೇ ಇತ್ತು. ಸೋತದ್ದು ಹಳೆಯ ರಬ್ಬರ್ ಪೈಪು ಮತ್ತು ವರ್ಷಗಟ್ಟಲೆ ಬದಲಿಸದ ಬ್ರೇಕ್ ಆಯಿಲ್.

ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ನಮ್ಮ ಮಳೆಗಾಲದಲ್ಲಿ ತೇವಕ್ಕೇನೂ ಕೊರತೆಯಿಲ್ಲ. ಹೊಸ ಡಾಟ್ 4 ದರ್ಜೆಯ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ಮಾನದಂಡ. ನೀರು ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಕುದಿದು ಎದ್ದ ಗುಳ್ಳೆಗಳನ್ನು ಅದುಮುವುದರಲ್ಲೇ ಲಿವರಿನ ಬಲವೆಲ್ಲ ಮುಗಿಯುತ್ತದೆ. ತಣಿದ ಮೇಲೆ ಬ್ರೇಕ್ ಮೊದಲಿನಂತೆ ಹಿಡಿಯುವುದರಿಂದ ಗ್ಯಾರೇಜಿನಲ್ಲಿ ಈ ದೋಷ ಕಾಣಿಸುವುದೇ ಇಲ್ಲ.

ಬೇಕಾದದ್ದು ಇಷ್ಟು: ಒಳ್ಳೆಯ ಪ್ಯಾಡ್ ಜೋಡಿ, ನಿಮ್ಮ ಬೈಕಿನ ಅಳತೆಗೆ ಸರಿಹೊಂದುವ ಉಕ್ಕಿನ ಹೆಣಿಗೆಯ ಪೈಪು, ಹೊಸ ತಾಮ್ರದ ವಾಷರ್‌ಗಳು, ಹ್ಯಾಂಡಲಿನ ಮೇಲಿರುವ ಆಯಿಲ್ ಡಬ್ಬಿಯ ಮುಚ್ಚಳದಲ್ಲಿ ಬರೆದ ದರ್ಜೆಯ ಆಯಿಲ್. ಸಿಲಿಕೋನ್‌ನಿಂದ ತಯಾರಾಗುವ ಡಾಟ್ 5 ದರ್ಜೆ ಡಾಟ್ 4ರೊಂದಿಗೆ ಬೆರೆಯುವುದಿಲ್ಲ, ಅದನ್ನು ತರಬೇಡಿ.

ಮೊದಲು ಡಿಸ್ಕಿನ ದಪ್ಪ ಅಳೆಯಿರಿ. ಕನಿಷ್ಠ ದಪ್ಪವನ್ನು ಸಾಮಾನ್ಯವಾಗಿ ಡಿಸ್ಕಿನ ಮೇಲೆಯೇ ಕೆತ್ತಿರುತ್ತಾರೆ. ಮೈಕ್ರೋಮೀಟರ್ ಇಲ್ಲದಿದ್ದರೆ ಬೆಳಗಾವಿಯ ಕೈಗಾರಿಕಾ ಪ್ರದೇಶವಾದ ಉದ್ಯಮಬಾಗದ ಲೇಥ್ ಕೆಲಸದವರನ್ನು ಕೇಳಿ.

ಟ್ಯಾಂಕಿನ ಮೇಲೆ ಒದ್ದೆ ಬಟ್ಟೆ ಹೊದಿಸಿ. ಬ್ರೇಕ್ ಆಯಿಲ್ ಬಣ್ಣವನ್ನು ತಿನ್ನುತ್ತದೆ. ಪ್ಯಾಡನ್ನು ಡಿಸ್ಕಿಗೆ ಅದುಮುವ ಕ್ಯಾಲಿಪರ್ ಬಿಚ್ಚಿ ಹಳೆಯ ಪ್ಯಾಡ್ ತೆಗೆದ ಮೇಲೆ ಪಿಸ್ಟನ್ ಸುತ್ತಲಿನ ಕೊಳೆಯನ್ನು ಬ್ರಷ್ಷಿನಿಂದ ತೊಳೆಯಿರಿ, ಅನಂತರವೇ ಪಿಸ್ಟನ್ನನ್ನು ಒಳಗೆ ತಳ್ಳಿ. ತೊಳೆಯದೆ ತಳ್ಳಿದರೆ ಆ ಮರಳು ಸೀಲನ್ನು ಗೀರುತ್ತದೆ. ಜಾರುವ ಪಿನ್ನುಗಳಿಗೆ ಸಿಲಿಕೋನ್ ಗ್ರೀಸ್ ಹಚ್ಚಿ, ಹೊಸ ಪ್ಯಾಡ್ ಕೂರಿಸಿ.

ಪೈಪನ್ನು ಜೋಡಿಸುವಾಗ ಬೋಲ್ಟ್ ತೂರುವ ಪೈಪಿನ ತುದಿಯ ಉಂಗುರದ ಎರಡೂ ಬದಿಗೆ ಒಂದೊಂದು ವಾಷರ್ ಇರಲಿ. ಹ್ಯಾಂಡಲನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ, ಪೈಪು ಎಲ್ಲೂ ಸೆಳೆಯುವುದಿಲ್ಲ, ಟೈರಿಗೆ ಉಜ್ಜುವುದಿಲ್ಲ ಎಂದು ಖಚಿತಪಡಿಸಿಕೊಳ್ಳಿ.

ತಾಳ್ಮೆ ಬೇಕಾಗುವುದು ಗಾಳಿ ತೆಗೆಯುವಾಗ. ಕ್ಯಾಲಿಪರಿನಲ್ಲಿ ಗಾಳಿ ಬಿಡಲೆಂದೇ ಇರುವ ನಿಪ್ಪಲ್‌ಗೆ ಪಾರದರ್ಶಕ ನಳಿಕೆ ಸಿಕ್ಕಿಸಿ, ಅದರ ತುದಿಯನ್ನು ಸ್ವಲ್ಪ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿಸಿ. ಲಿವರ್ ಒತ್ತಿ ಹಿಡಿದು ನಿಪ್ಪಲ್ ಸಡಿಲಿಸಿ, ಮತ್ತೆ ಬಿಗಿಯಿರಿ, ಆಮೇಲೆ ಲಿವರ್ ಬಿಡಿ. ನಿಪ್ಪಲ್ ತೆರೆದಿರುವಾಗಲೇ ಲಿವರ್ ಬಿಟ್ಟರೆ ಗಾಳಿ ಮತ್ತೆ ಒಳಸೇರುತ್ತದೆ. ಮೇಲಿನ ಡಬ್ಬಿ ಒಮ್ಮೆಯೂ ಖಾಲಿಯಾಗದಂತೆ ಆಯಿಲ್ ಸುರಿಯುತ್ತಿರಿ. ಎಷ್ಟು ಮಾಡಿದರೂ ಲಿವರ್ ಮೆತ್ತಗೇ ಇದ್ದರೆ ಅದನ್ನು ಒತ್ತಿ ಹಿಡಿಕೆಗೆ ಕಟ್ಟಿ, ರಾತ್ರಿಯಿಡೀ ಬಿಡಿ. ಸಣ್ಣ ಗುಳ್ಳೆಗಳು ಬೆಳಗಾಗುವಷ್ಟರಲ್ಲಿ ಮೇಲೇರಿರುತ್ತವೆ.

ಲಿವರಿನ ಬಳಿ ಆಯಿಲನ್ನು ಪೈಪಿಗೆ ಒತ್ತುವ ಮಾಸ್ಟರ್ ಸಿಲಿಂಡರ್ ಅನ್ನು ದೊಡ್ಡ ಬೈಕಿನಿಂದ ತಂದು ಹಾಕಿದರೆ ಬ್ರೇಕ್ ಜೋರಾಗುತ್ತದೆ ಎಂಬ ಮಾತನ್ನು ನಂಬಬೇಡಿ. 12.7 ಮಿ.ಮೀ. ಪಿಸ್ಟನ್ ಇದ್ದಲ್ಲಿ 15.9 ಮಿ.ಮೀ. ಬಂದರೆ ಲಿವರ್ ಗಟ್ಟಿಯೆನಿಸುತ್ತದೆ, ಆದರೆ ಅಷ್ಟೇ ಹಿಡಿತಕ್ಕೆ ಒಂದೂವರೆ ಪಟ್ಟಿಗಿಂತ ಹೆಚ್ಚು ಬಲ ಹಾಕಬೇಕಾಗುತ್ತದೆ.

ಡ್ರಮ್ ಬ್ರೇಕಿನ ಬೈಕಿದ್ದವರು ಅದೇ ಮಾದರಿಯ ಡಿಸ್ಕ್ ಆವೃತ್ತಿಯ ಫೋರ್ಕ್, ಚಕ್ರ, ಕ್ಯಾಲಿಪರ್, ಮಾಸ್ಟರ್ ಸಿಲಿಂಡರ್ ಎಲ್ಲವನ್ನೂ ಒಟ್ಟಿಗೆ ತರಬೇಕು. ಫೋರ್ಕಿಗೆ ಪಟ್ಟಿ ಬೆಸೆದು ಕ್ಯಾಲಿಪರ್ ತೂಗುಹಾಕುವುದು ಜೀವಕ್ಕೆ ಅಪಾಯ. ವಾಹನದ ಮಾರ್ಪಾಡಿಗೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಮಿತಿ ಹಾಕಿರುವುದರಿಂದ ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ.

ಬೈಕ್ ಹೊರತೆಗೆಯುವ ಮೊದಲು ಲಿವರ್ ಗಟ್ಟಿಯಾಗುವವರೆಗೆ ಒತ್ತಿ. ಖಾಲಿ ರಸ್ತೆಯಲ್ಲಿ 50 ಕಿ.ಮೀ. ವೇಗದಿಂದ 20ಕ್ಕೆ, ಪೂರ್ತಿ ನಿಲ್ಲಿಸದೆ, ಇಪ್ಪತ್ತು ಮೂವತ್ತು ಸಲ ನಿಧಾನವಾಗಿ ಇಳಿಸಿದರೆ ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳುತ್ತದೆ. ಮನೆಗೆ ಬಂದು ಪೈಪಿನ ಎರಡೂ ಬೋಲ್ಟುಗಳ ಬುಡವನ್ನು ಬಿಳಿ ಕಾಗದದಿಂದ ಒರೆಸಿ ನೋಡಿ. ಕಾಗದ ಒದ್ದೆಯಾದರೆ ವಾಷರ್ ಬದಲಿಸುವವರೆಗೆ ಬೈಕ್ ಹತ್ತಬೇಡಿ.