ಮಂಗಳೂರಿನ ಮಳೆಗಾಲದಲ್ಲೂ ರಿಂಕಲ್ ಪೇಂಟ್ ಕೂರುತ್ತದೆ: ನನ್ನ ಅನುಭವ

ರಿಂಕಲ್ ಪೇಂಟ್ ಅಂದರೆ ಒಣಗುವಾಗ ತಾನೇ ಸುಕ್ಕು ಕಟ್ಟುವ ಬಣ್ಣ. ಇಲ್ಲಿನ ಹವೆಯಲ್ಲಿ ಅದು ಸುಕ್ಕುಗಟ್ಟುವುದೇ ಇಲ್ಲ ಅಂದವರೆಲ್ಲ ಈಗ ಮನೆಗೆ ಬಂದು ನನ್ನ ಹಳೇ ಸಿನಿಮಾ ಕ್ಯಾಮೆರಾ ಮುಟ್ಟಿ ನೋಡಬಹುದು. ಗೆಳೆಯರೊಬ್ಬರು "ಮಳೆಗಾಲದಲ್ಲಿ ಇದನ್ನು ಹೊಡೀತೀರಾ, ನಿಮಗೆಂತ ಮರ್ಲಾ ಮಾರಾಯ್ರೆ" ಅಂತಲೇ ಕೇಳಿದ್ದರು.

ನನ್ನದು ಬೆಲ್ ಅಂಡ್ ಹೋವೆಲ್ ಫಿಲ್ಮೋ 70-ಡಿ. 16 ಎಂಎಂ, 100 ಅಡಿ ರೀಲು, ಕೀಲಿ ಕೊಟ್ಟರೆ ಈಗಲೂ ಗರಗರ ಓಡುತ್ತದೆ. 1923ರಲ್ಲಿ ಶುರುವಾದ 70 ಸರಣಿಯದು. ಯಂತ್ರ ಗಟ್ಟಿ, ಆದರೆ ಹೊರಗಿನ ಕಂದು ಸುಕ್ಕು ಬಣ್ಣ ಅರ್ಧಕ್ಕರ್ಧ ಎದ್ದಿತ್ತು, ಅದರ ಮೇಲೆ ಯಾರೋ ಪುಣ್ಯಾತ್ಮರು ಕಪ್ಪು ಎನಾಮೆಲ್ ಬೇರೆ ಬಳಿದಿದ್ದರು. ಪೇಂಟ್ ರಿಮೂವರ್ ಹಾಕಿ ತೆಗೆದೆ. ಕಾಸ್ಟಿಕ್ ಸೋಡಾ ಸುದ್ದಿಗೆ ಹೋಗಬೇಡಿ, ಅಲ್ಯೂಮಿನಿಯಂ ತಿಂದುಹಾಕುತ್ತದೆ.

ಮೊದಲು ಕ್ಯಾಮೆರಾದ ಮುಚ್ಚಳವನ್ನು ಪೌಡರ್ ಕೋಟಿಂಗ್‌ಗೆ, ಅಂದರೆ ಪುಡಿ ಬಣ್ಣವನ್ನು ಬಿಸಿಯಲ್ಲಿ ಕರಗಿಸಿ ಹಿಡಿಸುವುದಕ್ಕೆ, ಕೊಟ್ಟೆ. ಆರುನೂರೋ ಏಳುನೂರೋ ಆಯ್ತು. ನೋಡಲು ಚೆಂದ, ಆದರೆ ಪದರ ಎಷ್ಟು ದಪ್ಪ ಅಂದರೆ ಮುಚ್ಚಳ ತನ್ನ ಜಾಗದಲ್ಲೇ ಕೂರಲಿಲ್ಲ. ಕೆರೆದು ತೆಗೆಯುವಷ್ಟರಲ್ಲಿ ಉಗುರು ಸವೆಯಿತು. ಆಮೇಲೆ ಹೊರದೇಶದ ರಿಂಕಲ್ ಪೇಂಟ್ ಸ್ಪ್ರೇ ಡಬ್ಬ ತರಿಸಿದೆ, ಒಂದಕ್ಕೆ ಹತ್ತಿರ ಹತ್ತಿರ ಎರಡು ಸಾವಿರ. ಜುಲೈ ಮಳೆಯಲ್ಲಿ ಹೊಡೆದದ್ದು ಒಂದು ಗೆರೆಯೂ ಇಲ್ಲದೆ ನುಣ್ಣಗೆ ಹೊಳೆಯಿತು. ಆ ಡಬ್ಬ ಪೂರ್ತಿ ದಂಡ.

ಈ ಪೇಂಟಿಗೆ ತೆಳ್ಳಗೆ ಹೊಡೆಯುವ ಅಭ್ಯಾಸ ಬಿಡಬೇಕು. ಅಡ್ಡ ಒಂದು ಕೈ, ಐದು ನಿಮಿಷ ಬಿಟ್ಟು ಉದ್ದ ಒಂದು ಕೈ, ಮತ್ತೆ ಐದು ನಿಮಿಷಕ್ಕೆ ಓರೆಯಾಗಿ ಒಂದು ಕೈ. ಮೂರೂ ದಪ್ಪ, ಸೋರುವುದಕ್ಕೆ ಇನ್ನೇನು ಒಂದು ಕೂದಲೆಳೆ ಬಾಕಿ ಅನ್ನುವಷ್ಟು. ಅಂಚಿನಿಂದ ಬಣ್ಣ ಜಾರಿ ಅಲ್ಲಿ ಸುಕ್ಕು ಬರುವುದಿಲ್ಲ, ಅದಕ್ಕೆ ಅಂಚಿಗೆ ಮಾತ್ರ ಮೊದಲೇ ಒಂದು ಪಟ್ಟಿ ಹೊಡೆದುಕೊಳ್ಳಿ. ಪದರ ದಪ್ಪವಾದಷ್ಟೂ ಸುಕ್ಕು ಒರಟು. ಫಿಲ್ಮೋದ್ದು ಸಣ್ಣ ಸುಕ್ಕು, ಹಾಗಾಗಿ ಮೂರನೇ ಕೈ ಸ್ವಲ್ಪ ಹಗುರ ಮಾಡಿದೆ.

ಥಂಡಿಗೆ ಮದ್ದು ಬಿಸಿ, ಅಷ್ಟೇ. ಹೊಡೆಯುವ ಮೊದಲು ಲೋಹವನ್ನು ಕೈಯಲ್ಲಿ ಹಿಡಿಯಬಹುದಾದಷ್ಟು ಬಿಸಿ ಮಾಡಿದೆ. ಹೊಡೆದ ಮೇಲೆ ವರಾಂಡದಲ್ಲೇ ತಿನ್ನರ್ ವಾಸನೆ ಹೋಗುವವರೆಗೆ ಬಿಟ್ಟು, ಹಳೇ ಓಟಿಜಿಯಲ್ಲಿ (ಕೇಕ್ ಮಾಡುವ ಸಣ್ಣ ವಿದ್ಯುತ್ ಒಲೆ) ಎಂಬತ್ತು ತೊಂಬತ್ತು ಡಿಗ್ರಿಗೆ ಇಟ್ಟೆ. ಕಣ್ಣೆದುರೇ ಸುಕ್ಕು ಎದ್ದಿತು. ಯಂತ್ರ ಪೂರ್ತಿ ಹೊರಗೆ ತೆಗೆದಿರಬೇಕು ಅಂತ ನಿಮಗೆ ಹೇಳಬೇಕಾಗಿಲ್ಲ ಅಲ್ವಾ. ಆ ಓಟಿಜಿಯಲ್ಲಿ ಇನ್ನು ಕೇಕ್ ಮಾಡುವ ಹಾಗಿಲ್ಲ, ಮನೆಯಲ್ಲಿ ಆ ಜಗಳ ಬೇರೆ ಆಯ್ತು.

ನಡುವೆ ಸುಮ್ನೆ ಬಿಸ್ಕೆಟ್ ಡಬ್ಬದ ಮುಚ್ಚಳದ ಮೇಲೆ ಫೆವಿಕಾಲ್ ಬಳಿದು, ಅದು ಅರೆ ಹಸಿ ಇರುವಾಗ ಅಕ್ರಿಲಿಕ್ ಬಣ್ಣ ಹಾಕಿ ನೋಡಿದೆ. ಬೇಸಿಗೆಯ ಕೆರೆಯಂತೆ ಬಿರುಕು ಬಿಟ್ಟಿತು. ಫೋಟೋ ಫ್ರೇಮಿಗೆ ಚೆಂದ, ಕ್ಯಾಮೆರಾಕ್ಕೆ ಆಗದು. ಹಾರ್ಡ್‌ವೇರ್ ಅಂಗಡಿಯ ಬೂದು ಹ್ಯಾಮರ್‌ಟೋನ್, ಸುತ್ತಿಗೆಯಿಂದ ತಟ್ಟಿದ ಹಾಗೆ ಕಾಣುವ ಬಣ್ಣ, ಮಾತ್ರ ಫೋಟೋ ದೊಡ್ಡದು ಮಾಡುವ ನನ್ನ ಎನ್‌ಲಾರ್ಜರ್ ಕಂಬಕ್ಕೆ ಭರ್ಜರಿ ಕೂತಿದೆ, ಖರ್ಚು ಮುನ್ನೂರು ಚಿಲ್ಲರೆ. ಲೇತ್ ಮೆಷಿನ್ನಿಗೆ ಹೊಡೆಯುವುದೂ ಅದೇ.

ನಾನು ತರಿಸಿದ ರಿಂಕಲ್ ಡಬ್ಬದ್ದು ಕಪ್ಪು. ಅದರಿಂದ ಫಿಲ್ಮೋ ಕಂದು ಹೇಗೆ ತಂದೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಸುಕ್ಕು ಪೂರ್ತಿ ಎದ್ದ ಮೇಲೆ ಮಾಡುವ ಕೆಲಸ ಅದು, ಅಷ್ಟು ಸುಳಿವು ಸಾಕು. ಒಟ್ಟು ಐದು ಸಾವಿರದ ಮೇಲೇ ಹೋಗಿರಬೇಕು, ಅರ್ಧ ಹಾಳಾದದ್ದಕ್ಕೆ. ಮರ್ಲಾ ಅಂದ ಗೆಳೆಯರು ಈಗ ತಮ್ಮ ಪ್ರೊಜೆಕ್ಟರ್ ತಂದಿಟ್ಟಿದ್ದಾರೆ. ಮೂರು ಸಾವಿರ ಹೇಳಿದ್ದೇನೆ, ಜಾಸ್ತಿ ಆಯ್ತಂತೆ.